ಬೆಳಕು ಒಂದೂರಿಗೆ, ಬೂದಿ ಇನ್ನೊಂದೂರಿಗೆ



ಹಿಂದೊಮ್ಮೆ ಬೆಂಗಳೂರಿನ ಕಸದ ವಿಷಯವಾಗಿ ನಾಲ್ಕು ಮಾತು ಬರೆದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು, ಈಗ ದೊಡ್ಡ ಹುದ್ದೆಯಲ್ಲಿರುವವರು, "ಗುರುಗಳೇ, ಹಾಗಾದರೆ ತಮಗೆ ಅಭಿವೃದ್ಧಿಯೇ ಬೇಡವೇ?" ಎಂದು ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಓದಿ ಎಸ್.ಎಸ್.ಎಲ್.ಸಿ. ಮುಗಿಸಿದ ನನಗೆ ವಿದ್ಯುತ್ತಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಭಿವೃದ್ಧಿ ಬೇಕು. ಆದರೆ ಅದರ ಲೆಕ್ಕ ಬರೆಯುವಾಗ ಜಮೆಯ ಪುಟವನ್ನು ಒಂದೂರಿನಲ್ಲಿಯೂ ಖರ್ಚಿನ ಪುಟವನ್ನು ಇನ್ನೊಂದೂರಿನಲ್ಲಿಯೂ ಇಟ್ಟರೆ ಆ ಲೆಕ್ಕ ಎಂದಿಗೂ ತಾಳೆಯಾಗುವುದಿಲ್ಲ ಎಂಬುದಷ್ಟೇ ನನ್ನ ಅಭಿಪ್ರಾಯ. ಇಂದು ಆ ಮಾತನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕೆನಿಸಿದೆ.

ತುಮಕೂರು ಜಿಲ್ಲೆಯ ನಮ್ಮ ಹಳೆಯ ಮನೆಯನ್ನು ಕಂಡವರಿಗೆ ಅದರ ಹಿತ್ತಿಲು ನೆನಪಿರಬಹುದು. ಮನೆಯಲ್ಲಿ ಉಳಿದದ್ದಕ್ಕೆಲ್ಲ ಅಲ್ಲೊಂದು ಸ್ಥಾನವಿತ್ತು. ಒಲೆಯ ಬೂದಿಯಲ್ಲಿ ಸ್ವಲ್ಪ ಭಾಗ ಪಾತ್ರೆ ತಿಕ್ಕುವುದಕ್ಕೆ, ಸ್ವಲ್ಪ ಭಾಗ ಅವರೆ ಗಿಡದ ಹುಳು ಓಡಿಸುವುದಕ್ಕೆ, ಮಿಕ್ಕದ್ದು ತಿಪ್ಪೆಗೆ. ಬಚ್ಚಲ ನೀರು ಬಾಳೆಯ ಬುಡಕ್ಕೆ. ಅಕ್ಕಿ ತೊಳೆದ ನೀರು, ತರಕಾರಿಯ ಸಿಪ್ಪೆ ದನದ ಬಾನಿಗೆ. ವರ್ಷಕ್ಕೊಮ್ಮೆ ತಿಪ್ಪೆಯ ಗೊಬ್ಬರ ಗಾಡಿಯಲ್ಲಿ ಹೊಲಕ್ಕೆ ಹೋಗುತ್ತಿತ್ತು. ಆ ಕಾಲ ಸ್ವರ್ಗವಾಗಿತ್ತೆಂದು ನಾನು ಹೇಳಲಾರೆ. ಹಸಿ ಸೌದೆಯ ಹೊಗೆಗೆ ನಮ್ಮ ತಾಯಿಯವರ ಕಣ್ಣು ಸದಾ ಕೆಂಪಾಗಿರುತ್ತಿದ್ದುದನ್ನು ಮರೆಯುವುದೆಂತು? ಆದರೆ ಒಂದು ಮಾತು ಸತ್ಯ. ಒಲೆ ಉರಿಸಿದವರ ಕಣ್ಣೆದುರಿಗೇ ಬೂದಿ ಇರುತ್ತಿತ್ತು. ಎಷ್ಟು ಉರಿಸಿದೆವು, ಎಷ್ಟು ಉಳಿಯಿತು ಎಂಬುದಕ್ಕೆ ಹಿತ್ತಿಲೇ ಸಾಕ್ಷಿಯಾಗಿತ್ತು.

ಪ್ರದೇಶವೊಂದು ಸಂಪತ್ತಿನಲ್ಲಿ ಬೆಳೆದಾಗ ಮೊದಲು ದೂರ ಸರಿಯುವುದು ಈ ಹಿತ್ತಿಲು. ನಮ್ಮ ನಾಡಿನ ವಿದ್ಯುತ್ತಿನ ಚರಿತ್ರೆಯನ್ನೇ ನೋಡಿ. ಶಿವನಸಮುದ್ರದಲ್ಲಿ 1902 ರಲ್ಲಿ ಕಾವೇರಿಯಿಂದ ವಿದ್ಯುತ್ತನ್ನು ಉತ್ಪಾದಿಸಿದಾಗ ಅದು ಮೊದಲು ಹೋದದ್ದು ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು 1905 ರಲ್ಲಿ. ಈ ಸಾಧನೆಯನ್ನು ನಾನು ತರಗತಿಯಲ್ಲಿ ಹೆಮ್ಮೆಯಿಂದಲೇ ಪಾಠ ಮಾಡಿದ್ದೇನೆ, ಈಗಲೂ ಹೆಮ್ಮೆಯಿದೆ. ಆದರೆ ಪಾಠಕ್ಕೆ ಒಂದು ಉತ್ತರಾರ್ಧವೂ ಇದೆ. 2001 ರ ಫೆಬ್ರುವರಿಯಲ್ಲಿ ಗಣಿಗಳು ಮುಚ್ಚಿದವು. ಚಿನ್ನ ಎಲ್ಲೆಲ್ಲಿಗೋ ಹೋಯಿತು. ಕೆ.ಜಿ.ಎಫ್.ನಲ್ಲಿ ಉಳಿದದ್ದು ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಬಿಸುಟ ಪುಡಿಯ ಬೆಟ್ಟಗಳು. ಊರಿನವರು ಅವುಗಳನ್ನು ಸೈನೈಡ್ ದಿಬ್ಬಗಳೆಂದೇ ಕರೆಯುತ್ತಾರೆ. ಗಾಳಿಯ ದಿನಗಳಲ್ಲಿ ಅವುಗಳ ಧೂಳು ಮನೆಮನೆಗೂ ಬರುತ್ತದೆ. ಒಂದು ಶತಮಾನದ ಸಂಪತ್ತು ಹಂಚಿಹೋದಷ್ಟು ಸುಲಭವಾಗಿ ಅದರ ಹಿತ್ತಿಲು ಹಂಚಿಹೋಗಲಿಲ್ಲ.

ಶರಾವತಿಯ ಕಥೆ ನಿಮಗೆಲ್ಲ ತಿಳಿದದ್ದೇ. ಲಿಂಗನಮಕ್ಕಿ ಅಣೆಕಟ್ಟು 1964 ರಲ್ಲಿ ಮುಗಿಯಿತು. ಅಲ್ಲಿಯ ನೀರಿನಿಂದ ರಾಜ್ಯದ ಕಾರ್ಖಾನೆಗಳು ತಿರುಗಿದವು, ನಗರಗಳು ಬೆಳಗಿದವು. ಮುಳುಗಿದ ಊರುಗಳ ಜನ ಎಲ್ಲೆಲ್ಲಿಯೋ ನೆಲೆಸಿದರು. ಅವರಿಗೆ ಕೊಟ್ಟ ಭೂಮಿಯ ಹಕ್ಕುಪತ್ರದ ಪ್ರಶ್ನೆ ಎರಡು ತಲೆಮಾರು ಕಳೆದರೂ ಸಾಗರ, ಶಿವಮೊಗ್ಗಗಳ ಸಭೆಗಳಲ್ಲಿ ಕೇಳಿಬರುತ್ತಲೇ ಇತ್ತು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ನಾವು ಬಹಳ ಸಲೀಸಾಗಿ ಆಡುತ್ತೇವೆ. ದೀಪದ ಬುಡದಲ್ಲಿ ವಾಸಿಸುವವರಿಗೆ ಅದು ಗಾದೆಯಲ್ಲ, ನಿತ್ಯದ ಬದುಕು.

ಇದನ್ನು ನನಗೆ ಮನಗಾಣಿಸಿದವನು ಒಬ್ಬ ಒಂಬತ್ತನೆಯ ತರಗತಿಯ ಹುಡುಗ. 1990 ರ ದಶಕದ ಮೊದಲ ಭಾಗದಲ್ಲಿ ನಾನು ರಾಯಚೂರು ಜಿಲ್ಲೆಯ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತಿದ್ದೆ. ಶಕ್ತಿನಗರದಲ್ಲಿ ಕೃಷ್ಣಾ ನದಿಯ ದಂಡೆಯ ಮೇಲಿರುವ ಉಷ್ಣ ವಿದ್ಯುತ್ ಸ್ಥಾವರದ ಮೊದಲ ಘಟಕ 1985 ರಲ್ಲಿ ಕೆಲಸ ಆರಂಭಿಸಿತ್ತು. ಕಲ್ಲಿದ್ದಲಿನ ಶಾಖದಿಂದ ನೀರು ಆವಿಯಾಗಿ, ಆವಿಯ ಒತ್ತಡದಿಂದ ಚಕ್ರ ತಿರುಗಿ, ವಿದ್ಯುತ್ತು ಹುಟ್ಟುವ ಬಗೆಯನ್ನು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿ, ಅದು ನಿಮ್ಮ ಜಿಲ್ಲೆಯಲ್ಲೇ ಆಗುತ್ತಿದೆಯೆಂದು ಹೇಳಿದೆ. ಹಿಂದಿನ ಸಾಲಿನಿಂದ ಆ ಹುಡುಗ ಎದ್ದು ನಿಂತ. "ಸರ್‍ರೀ, ಕರೆಂಟು ನಮ್ಮ ಜಿಲ್ಲಾದಾಗ ಹುಟ್ಟತದ ಅಂತೀರಿ. ಮತ್ತ ನಮ್ಮೂರಾಗ ಯಾಕ ಇರಂಗಿಲ್ರೀ?" ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ತಂತಿಗಳ ಜಾಲ, ಬೇಡಿಕೆ, ಹಂಚಿಕೆ ಎಂದು ತಾಂತ್ರಿಕವಾದ ಉತ್ತರವನ್ನೇನೋ ಕೊಟ್ಟೆ. ಅವನು ಕೇಳಿದ್ದು ತಾಂತ್ರಿಕವಾದ ಪ್ರಶ್ನೆಯಾಗಿರಲಿಲ್ಲ.

ಆ ವರ್ಷವೇ ಮಕ್ಕಳನ್ನು ಶಕ್ತಿನಗರಕ್ಕೆ ಶೈಕ್ಷಣಿಕ ಪ್ರವಾಸ ಕರೆದೊಯ್ದೆವು. ಅಲ್ಲಿಯ ಎಂಜಿನಿಯರೊಬ್ಬರು ಬಹಳ ಅಕ್ಕರೆಯಿಂದ ಎಲ್ಲವನ್ನೂ ತೋರಿಸಿದರು. ರೈಲಿನ ಡಬ್ಬಿಗಳಿಂದ ಕಲ್ಲಿದ್ದಲು ಸುರಿಯುವುದನ್ನು ಮಕ್ಕಳು ಬಾಯಿ ತೆರೆದು ನೋಡಿದರು. ಆ ಹುಡುಗ ಮಾತ್ರ ತನ್ನ ಬುತ್ತಿಯ ಡಬ್ಬಿಯ ಮುಚ್ಚಳದಲ್ಲಿ ಒಂದು ಹಿಡಿ ಬೂದಿಯನ್ನು ಕೇಳಿ ತಂದ. ಸಿಮೆಂಟಿನ ಬಣ್ಣದ, ಮೈದಾ ಹಿಟ್ಟಿಗಿಂತ ನುಣುಪಾದ ಪುಡಿ. ಅದಕ್ಕೆ ಸುಣ್ಣ, ನೀರು ಬೆರೆಸಿ ಒಂದು ಬಿಲ್ಲೆ ಮಾಡಿ ಪ್ರಯೋಗಶಾಲೆಯ ಕಿಟಕಿಯಲ್ಲಿಟ್ಟೆವು. ಕೆಲವು ವಾರಗಳಲ್ಲಿ ಅದು ಕಲ್ಲಿನಂತೆ ಗಟ್ಟಿಯಾಯಿತು. ಬೂದಿಯಲ್ಲಿರುವ ಸಿಲಿಕಾ ಮತ್ತು ಅಲ್ಯೂಮಿನಾಗಳು ಸುಣ್ಣದೊಡನೆ ಸೇರಿ ಹಾಗೆ ಬಿಗಿಯುತ್ತವೆ.

ಇನ್ನು ಸ್ವಲ್ಪ ಲೆಕ್ಕ ಮಾಡೋಣ. ಮೇಷ್ಟರ ಬರಹದಲ್ಲಿ ಲೆಕ್ಕವಿಲ್ಲದಿದ್ದರೆ ಹೇಗೆ? ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಹೆಚ್ಚು, ತೂಕದ ಮೂರನೆಯ ಒಂದು ಭಾಗಕ್ಕೂ ಮಿಕ್ಕಿರುವುದುಂಟು. ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 700 ಗ್ರಾಂ ಕಲ್ಲಿದ್ದಲು ಬೇಕೆಂದು ಹಿಡಿಯಿರಿ. ಶಕ್ತಿನಗರದ 210 ಮೆಗಾವಾಟ್‌ನ ಒಂದೇ ಒಂದು ಘಟಕ ಪೂರ್ಣ ಸಾಮರ್ಥ್ಯದಲ್ಲಿ ಒಂದು ದಿನ ನಡೆದರೆ 50 ಲಕ್ಷ ಯೂನಿಟ್; ಅದಕ್ಕೆ ಮೂರೂವರೆ ಸಾವಿರ ಟನ್ ಕಲ್ಲಿದ್ದಲು; ಉಳಿಯುವ ಬೂದಿ ಸಾವಿರ ಟನ್ನಿಗೂ ಹೆಚ್ಚು. ಅಂತಹ ಏಳು ಘಟಕಗಳೂ 250 ಮೆಗಾವಾಟ್‌ನ ಎಂಟನೆಯದೂ ಸೇರಿ ಅಲ್ಲಿಯ ಒಟ್ಟು ಸಾಮರ್ಥ್ಯ 1720 ಮೆಗಾವಾಟ್‌ಗೆ ಬೆಳೆಯಿತು. ಬಳ್ಳಾರಿಯ ಕುಡುತಿನಿಯಲ್ಲಿ 1700, ರಾಯಚೂರಿನ ಪಕ್ಕದ ಯರಮರಸಿನಲ್ಲಿ 1600 ಮೆಗಾವಾಟ್ ಸಾಮರ್ಥ್ಯದ ಸ್ಥಾವರಗಳು ಅನಂತರ ಬಂದವು. ತಿಂಗಳಿಗೆ 150 ಯೂನಿಟ್ ಬಳಸುವ ನಮ್ಮಂತಹ ಮನೆಗೆ ಬರುವ ವಿದ್ಯುತ್ತೆಲ್ಲ ಕಲ್ಲಿದ್ದಲಿನದೇ ಎಂದುಕೊಂಡರೆ, ನಮ್ಮ ಪಾಲಿಗೆ 105 ಕಿಲೋ ಕಲ್ಲಿದ್ದಲು, 35 ಕಿಲೋ ಬೂದಿ. ಕಣ್ಣಿಗೆ ಕಾಣದ ಇಂಗಾಲದ ಡೈ ಆಕ್ಸೈಡ್ ಬೇರೆ, ಹೆಚ್ಚುಕಡಿಮೆ ಯೂನಿಟ್ಟಿಗೆ ಒಂದು ಕಿಲೋ. ನೀರಿನಿಂದಲೂ ಗಾಳಿಯಿಂದಲೂ ಬಿಸಿಲಿನಿಂದಲೂ ರಾಜ್ಯಕ್ಕೆ ಸಾಕಷ್ಟು ವಿದ್ಯುತ್ತು ಬರುವುದರಿಂದ ನಿಜವಾದ ಪಾಲು ಇದಕ್ಕಿಂತ ಕಡಿಮೆ. ಆದರೂ ಪ್ರತಿ ತಿಂಗಳು ಮನೆಬಾಗಿಲಿಗೆ ಯಾರಾದರೂ ಹತ್ತೋ ಹದಿನೈದೋ ಕಿಲೋ ಬೂದಿಯನ್ನು ತಂದು ಸುರಿದು, "ಸ್ವಾಮಿ, ಇದು ತಮ್ಮದು" ಎಂದರೆ ನಾವೇನು ಮಾಡುತ್ತಿದ್ದೆವು? 2023 ರಲ್ಲಿ ಗೃಹಜ್ಯೋತಿ ಯೋಜನೆ ಆರಂಭವಾದ ಮೇಲೆ ಲಕ್ಷಾಂತರ ಮನೆಗಳಿಗೆ ಶೂನ್ಯದ ಬಿಲ್ಲು ಬಂದಿತು. ಬಡವರ ಮನೆಯಲ್ಲಿ ದೀಪ ಉರಿಯಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ. ಬಿಲ್ಲು ಸೊನ್ನೆಯಾದರೂ ಬೂದಿ ಸೊನ್ನೆಯಾಗುವುದಿಲ್ಲವೆಂಬುದನ್ನು ಮಾತ್ರ ನೆನಪಿಡಬೇಕು.

ಬೂದಿಯನ್ನು ನೀರಿನಲ್ಲಿ ಕಲಸಿ ವಿಶಾಲವಾದ ಹೊಂಡಗಳಿಗೆ ಹರಿಸುವುದು ಬಹುಕಾಲದ ರೂಢಿ. ಹೊಂಡದ ಮೇಲ್ಭಾಗ ಒಣಗಿದರೆ ಗಾಳಿಗೆ ಹಾರುತ್ತದೆ, ತಳ ಸರಿಯಿಲ್ಲದಿದ್ದರೆ ಅಂತರ್ಜಲಕ್ಕೆ ಇಳಿಯುತ್ತದೆ. 1999 ರಲ್ಲಿ ಕೇಂದ್ರ ಸರ್ಕಾರ ಹಾರುಬೂದಿಯ ಬಳಕೆಯನ್ನು ಕಡ್ಡಾಯಗೊಳಿಸುವ ಅಧಿಸೂಚನೆ ಹೊರಡಿಸಿತು. ಅದು ಹಲವು ಬಾರಿ ತಿದ್ದುಪಡಿಯಾಗಿ 2021 ರ ಡಿಸೆಂಬರಿನಲ್ಲಿ ಹೊಸ ರೂಪ ಪಡೆಯಿತು. ಇದರಿಂದ ಸಿಮೆಂಟಿಗೆ, ರಸ್ತೆಗೆ, ಇಟ್ಟಿಗೆಗೆ ಬೂದಿ ಹೋಗತೊಡಗಿತು. ನನಗೆ ಸಂತೋಷದ ಸಂಗತಿಯೊಂದಿದೆ: ಬುತ್ತಿಯ ಡಬ್ಬಿಯಲ್ಲಿ ಬೂದಿ ತಂದ ಆ ಹುಡುಗ ಇಂದು ಬೂದಿ ಇಟ್ಟಿಗೆಯ ಸಣ್ಣ ಘಟಕ ನಡೆಸುತ್ತಿದ್ದಾನೆ. ಹೊಲದ ಮೇಲ್ಮಣ್ಣನ್ನು ತೆಗೆದು ಸುಡುವ ಇಟ್ಟಿಗೆಗಿಂತ ಇದು ಮೇಲೆಂದು ಫೋನಿನಲ್ಲಿ ನನಗೇ ಪಾಠ ಹೇಳುತ್ತಾನೆ! ಬೂದಿಗೂ ಒಂದು ಹಿತ್ತಿಲು ಸಿಕ್ಕಿತೆಂದು ನಾನು ಹಿಗ್ಗಿದೆ.

ನಿವೃತ್ತಿಯ ನಂತರ ಮಗನೊಡನೆ ಬೆಂಗಳೂರಿಗೆ ಬಂದೆ. 1971 ರಲ್ಲಿ ಸುಮಾರು 16 ಲಕ್ಷ ಜನರಿದ್ದ ಈ ನಗರ 2011 ರ ಜನಗಣತಿಯ ವೇಳೆಗೆ 84 ಲಕ್ಷವನ್ನು ದಾಟಿತ್ತು. ಉದ್ಯೋಗ ಹುಡುಕಿ ಬಂದವರಿಗೆಲ್ಲ ಅನ್ನ ಕೊಟ್ಟ ಊರು. ನನ್ನ ಶಿಷ್ಯರಲ್ಲಿ ಅರ್ಧದಷ್ಟು ಮಂದಿ ಇಲ್ಲಿಯೇ ಇದ್ದೀರಿ. ಇಂತಹ ಊರಿನ ಹಿತ್ತಿಲು ಎಲ್ಲಿದೆ? ಕೆಲಕಾಲ ಅದು ಮಾವಳ್ಳಿಪುರದಲ್ಲಿತ್ತು. ಅಲ್ಲಿಯ ಜನರ ವಿರೋಧದಿಂದ 2012 ರಲ್ಲಿ ಆ ಭರ್ತಿ ಜಾಗ ಮುಚ್ಚಿದಾಗ ನಗರದ ಮೂಲೆಮೂಲೆಯಲ್ಲಿ ಕಸ ರಾಶಿ ಬಿದ್ದು ನಾರಿತು. ಭಾರವೆಲ್ಲ ಮಂಡೂರಿನ ಮೇಲೆ ಬಿತ್ತು. ಕಸದಿಂದ ವಿದ್ಯುತ್ತು ತೆಗೆಯುವ ಮಾತೂ ಅಲ್ಲಿ ಕೇಳಿಬಂದಿತ್ತು. ವಿದ್ಯುತ್ತು ಬರಲಿಲ್ಲ, ಕಸದ ಬೆಟ್ಟ ಮಾತ್ರ ಬೆಳೆಯಿತು. ಕೊಳವೆಬಾವಿಯ ನೀರು ಕೆಟ್ಟಿತೆಂದೂ ನೊಣಗಳ ಕಾಟಕ್ಕೆ ಊಟ ಮಾಡಲಾಗದೆಂದೂ ಗ್ರಾಮಸ್ಥರು 2014 ರಲ್ಲಿ ರಸ್ತೆಗಿಳಿದರು, ಲಾರಿಗಳು ಪೊಲೀಸ್ ಕಾವಲಿನಲ್ಲಿ ಹೋದವು. ಆ ವರ್ಷದ ಕೊನೆಯಲ್ಲಿ ಅಲ್ಲಿಗೆ ಕಸ ಸಾಗಿಸುವುದು ನಿಂತಿತು. ನಗರದಲ್ಲಿ ಕಸ ಹುಟ್ಟುವುದು ನಿಲ್ಲಲಿಲ್ಲ. ಲಾರಿಗಳು ಬೇರೆ ಹಳ್ಳಿಗಳ ಕಡೆಗೆ ತಿರುಗಿದವು.

2015 ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ವಿಧಿಸಿತು. ಹಸಿಕಸಕ್ಕೆ ಹಸಿರು ಬುಟ್ಟಿ, ನೈರ್ಮಲ್ಯ ತ್ಯಾಜ್ಯಕ್ಕೆ ಕೆಂಪು ಬುಟ್ಟಿ, ಒಣಕಸಕ್ಕೆ ಚೀಲ. ಹಳೆಯ ಹಿತ್ತಿಲಿನ ಶಿಸ್ತನ್ನೇ ನ್ಯಾಯಾಲಯ ಮತ್ತೆ ಕಲಿಸಬೇಕಾಯಿತೆನ್ನಬಹುದು. ನಗರದ ಕಸದಲ್ಲಿ ಅರ್ಧಕ್ಕಿಂತ ಹೆಚ್ಚಿನದು ಹಸಿಕಸ. ಅದು ಪ್ಲಾಸ್ಟಿಕ್ಕಿನೊಡನೆ ಕಲೆತು ರಾಶಿಯಾದಾಗ ಗಾಳಿಯಾಡದೆ ಕೊಳೆತು ಮೀಥೇನ್ ಅನಿಲ ಹುಟ್ಟುತ್ತದೆ, ಕಪ್ಪು ರಸ ನೆಲಕ್ಕೆ ಇಂಗುತ್ತದೆ. ಬೇರ್ಪಡಿಸಿದರೆ ಅದೇ ವಸ್ತು ಎರಡು ಮೂರು ತಿಂಗಳಲ್ಲಿ ಗೊಬ್ಬರ.

ಈಗ ನಮ್ಮ ಬಡಾವಣೆಯ ವಿಷಯಕ್ಕೆ ಬರುತ್ತೇನೆ. ಕಳೆದ ವರ್ಷ ನಿವಾಸಿಗಳ ಸಭೆಯಲ್ಲಿ, ಉದ್ಯಾನದ ಒಂದು ಮೂಲೆಯಲ್ಲಿ ಕಾಂಪೋಸ್ಟ್ ತೊಟ್ಟಿಗಳನ್ನು ಕಟ್ಟಿ ನಮ್ಮ ಹಸಿಕಸವನ್ನು ನಾವೇ ಗೊಬ್ಬರ ಮಾಡಿಕೊಳ್ಳೋಣವೆಂಬ ಸಲಹೆ ಬಂದಿತು. ಎಲ್ಲರೂ ಓದಿದವರೇ. ಸಲಹೆ ಉತ್ತಮವೆಂದು ಎಲ್ಲರೂ ಒಪ್ಪಿದರು, ಉದ್ಯಾನದ ಎದುರಿನ ಮನೆಯವರ ಹೊರತು. ವಾಸನೆ ಬರುತ್ತದೆ, ಸೈಟಿನ ಬೆಲೆ ಇಳಿಯುತ್ತದೆ ಎಂದರು. ತೆರಿಗೆ ಕೊಡುತ್ತೇವಲ್ಲ, ಲಾರಿಯವರು ಒಯ್ಯಲಿ ಎಂದರು ಇನ್ನು ಕೆಲವರು. ಎಲ್ಲಿಗೆ ಒಯ್ಯಬೇಕೆಂದು ನಾನು ಕೇಳಿದೆ. ಆಗ ಆ ಎದುರುಮನೆಯ ಗೃಹಿಣಿಯೊಬ್ಬರು ನನಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಮೇಷ್ಟ್ರೇ, ನಿಮ್ಮ ಮನೆ ಪಾರ್ಕಿನಿಂದ ನಾಲ್ಕು ರಸ್ತೆ ಆಚೆಗಿದೆ. ನಿಮಗೆ ಹೇಳುವುದು ಸುಲಭ." ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ಮಂಡೂರಿನವರು ಬೆಂಗಳೂರಿಗೆ ಹೇಳಿದ್ದೂ ಇದೇ ಮಾತಲ್ಲವೇ? ಹಾಗಾದರೆ ಮೊದಲ ತೊಟ್ಟಿ ನಮ್ಮ ಕಾಂಪೌಂಡಿನೊಳಗೇ ಬರಲಿ ಎಂದೆ.

ಮನೆಯಲ್ಲಿ ಸೊಸೆ ಇನ್ನೊಂದು ಪ್ರಶ್ನೆ ಹಾಕಿದಳು. "ಮಾವ, ಜಾಗ ನಮ್ಮದು ಸರಿ. ದಿನಾ ಅದನ್ನು ಕಲಕುವವರು ಯಾರು? ಕೊನೆಗೆ ಅದೂ ನನ್ನ ಪಾಲಿಗೋ, ಕೆಲಸದವಳ ಪಾಲಿಗೋ ಬರುವುದಾದರೆ ಬೇಡ." ಇದು ಸಭೆಯ ವಾದಗಳೆಲ್ಲಕ್ಕಿಂತ ತೂಕದ ಮಾತು. ಹಿತ್ತಿಲನ್ನು ಬೇರೆ ಊರಿಗೆ ತಳ್ಳುವುದಷ್ಟೇ ಅಲ್ಲ, ಬೇರೆಯವರ ಕೈಗೆ ತಳ್ಳುವುದೂ ನಮ್ಮ ಸಮಾಜದ ಹಳೆಯ ರೋಗ. ಆ ಕೆಲಸ ನನ್ನದೆಂದು ಅವಳಿಗೆ ಮಾತು ಕೊಟ್ಟೆ, ನಡೆಸಿಕೊಂಡು ಬಂದಿದ್ದೇನೆ. ಹಲಸಿನ ಕಾಲದಲ್ಲಿ ತೊಟ್ಟಿ ಒದ್ದೆಯಾಗಿ ಒಂದು ವಾರ ನಾರಿತು. ಒಣ ಎಲೆಯನ್ನೂ ತೆಂಗಿನ ನಾರಿನ ಪುಡಿಯನ್ನೂ ಹೆಚ್ಚಿಗೆ ಹಾಕಿದ ಮೇಲೆ ಸರಿಹೋಯಿತು. ನಮ್ಮ ರಸ್ತೆಯ ಇಪ್ಪತ್ತು ಮನೆಗಳಲ್ಲಿ ಒಂಬತ್ತು ಮನೆಯವರು ಈಗ ಇದರಲ್ಲಿ ಸೇರಿದ್ದಾರೆ. ಹತ್ತಿರದ ಬಂಧುಗಳೊಬ್ಬರು, ಅದೇ ಬಡಾವಣೆಯವರು, ಇದರಿಂದ ಮುನಿಸಿಕೊಂಡು ಯುಗಾದಿಗೆ ಬರಲಿಲ್ಲ. ಇದನ್ನು ಓದುತ್ತಿದ್ದರೆ ದಯವಿಟ್ಟು ಬನ್ನಿ. ತೊಟ್ಟಿಯನ್ನು ತೆರೆದು ಮೂಸಿ ನೋಡಿ. ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆಯೇ ಹೊರತು ಬೇರೇನಿಲ್ಲ.

ಸಭೆಯಲ್ಲಿ ಒಬ್ಬರು, ಕಸವನ್ನೆಲ್ಲ ಸುಟ್ಟು ವಿದ್ಯುತ್ತು ಮಾಡಿದರೆ ಎರಡು ಸಮಸ್ಯೆಯೂ ಒಮ್ಮೆಗೇ ತೀರುತ್ತದಲ್ಲ ಎಂದು ಕೇಳಿದ್ದರು. ಬಿಡದಿಯಲ್ಲಿ ಅಂತಹ ಘಟಕವನ್ನು ಕಟ್ಟಲಾಗಿದೆ: ದಿನಕ್ಕೆ 600 ಟನ್ ಕಸ, 11.5 ಮೆಗಾವಾಟ್ ಸಾಮರ್ಥ್ಯ. ಬೆಂಗಳೂರಿನ ದಿನದ ಕಸ 5000 ಟನ್ ಎಂದು ಹಿಡಿದು, ಅಷ್ಟನ್ನೂ ಅದೇ ಲೆಕ್ಕದಲ್ಲಿ ಸುಟ್ಟರೂ ದೊರೆಯುವುದು ನೂರು ಮೆಗಾವಾಟ್‌ನೊಳಗೆ, ಶಕ್ತಿನಗರದ ಒಂದು ಘಟಕದ ಅರ್ಧಕ್ಕಿಂತ ಕಡಿಮೆ. ಮೇಲಾಗಿ, ಹಸಿಕಸವೆಂದರೆ ಬಹುಪಾಲು ನೀರು. ಹಸಿ ಸೌದೆಯಿಂದ ಒಲೆ ಹಚ್ಚಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ದೆಹಲಿಯ ತಿಮಾರ್‌ಪುರದಲ್ಲಿ 1987 ರಲ್ಲಿ ಕಟ್ಟಿದ ಇಂತಹ ಘಟಕ, ಬಂದ ಕಸದಲ್ಲಿ ಉರಿಯುವ ಸತ್ವವೇ ಸಾಲದೆ ಕೆಲವೇ ವಾರಗಳಲ್ಲಿ ನಿಂತುಹೋಗಿತ್ತು. ಸುಡುವುದಕ್ಕೂ ಮೊದಲು ಬೇರ್ಪಡಿಸಲೇಬೇಕು. ಸುಟ್ಟ ಮೇಲೆ ಇಲ್ಲಿಯೂ ಬೂದಿ ಉಳಿಯುತ್ತದೆ.

ಹಾಗಾದರೆ ಬಿಸಿಲು? ಪಾವಗಡದ ಸೌರ ಉದ್ಯಾನ 2018 ರಲ್ಲಿ ಉದ್ಘಾಟನೆಯಾಗಿ, ಮರುವರ್ಷ 2050 ಮೆಗಾವಾಟ್ ಸಾಮರ್ಥ್ಯ ಮುಟ್ಟಿತು. ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆ ಭೂಮಿ. ಜಮೀನನ್ನು ಕಸಿಯದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದದ್ದು ಶರಾವತಿಯ ಕಾಲಕ್ಕಿಂತ ನಿಶ್ಚಯವಾಗಿಯೂ ದೊಡ್ಡ ಸುಧಾರಣೆ. ಬರದ ನಾಡಿನಲ್ಲಿ ಶೇಂಗಾ ಬಿತ್ತಿ ಆಕಾಶ ನೋಡುತ್ತಿದ್ದ ನಮ್ಮ ಬಂಧುಗಳ ಮನೆಗೂ ಇದರಿಂದ ಸ್ಥಿರವಾದ ವರಮಾನ ಬಂದಿತು. ಆದರೆ ಭೂಮಿಯಿಲ್ಲದೆ ಆ ಹೊಲಗಳ ಕೂಲಿಯನ್ನೇ ನಂಬಿದ್ದವರಿಗೂ ಕುರಿ ಮೇಯಿಸುತ್ತಿದ್ದವರಿಗೂ ಗುತ್ತಿಗೆಯ ಹಣವಿಲ್ಲ. ಫಲಕಗಳ ಆಯುಸ್ಸು ಇಪ್ಪತ್ತೈದು ವರ್ಷದ ಆಸುಪಾಸು. ಅವುಗಳಲ್ಲಿ ಗಾಜು, ಅಲ್ಯೂಮಿನಿಯಂ, ಸಿಲಿಕಾನ್‌ಗಳ ಜೊತೆಗೆ ಬೆಸುಗೆಯ ಸೀಸವೂ ಇರುತ್ತದೆ. 2022 ರಲ್ಲಿ ಹೊರಬಂದು ಮರುವರ್ಷ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಸೌರಫಲಕಗಳನ್ನೂ ಒಳಗೊಂಡವು. ಬೂದಿಯ ಕಾನೂನು ಬೂದಿ ಬೆಟ್ಟವಾದ ಮೇಲೆ ಬಂದಿತು. ಫಲಕದ ಕಾನೂನು ಫಲಕ ಹಳತಾಗುವ ಮೊದಲೇ ಬಂದಿದೆ. ಇದು ನಾವು ಸ್ವಲ್ಪ ಕಲಿತಿದ್ದೇವೆಂಬುದಕ್ಕೆ ಗುರುತು. ಕಾನೂನು ನಡೆದೀತೇ ಎಂಬುದನ್ನು ನೋಡಲು ನಾನು ಇರಲಾರೆ, ನೀವಿರುತ್ತೀರಿ.

ಸರಿಯಾಗಿ ನಡೆಸಿದರೆ ಹಿತ್ತಿಲು ಶಾಪವೇ ಆಗಬೇಕಾಗಿಲ್ಲ. 2018 ರಿಂದ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಕೋಲಾರದ ಕೆರೆಗಳಿಗೆ ಹರಿಯತೊಡಗಿದ ಮೇಲೆ ಬತ್ತಿದ ಕೊಳವೆಬಾವಿಗಳಲ್ಲಿ ನೀರು ಕಂಡ ರೈತರಿದ್ದಾರೆ. ಎರಡೇ ಹಂತದ ಶುದ್ಧೀಕರಣ ಸಾಲದು, ಮೂರನೆಯ ಹಂತವೂ ಬೇಕೆಂದು ಹೋರಾಡುವವರೂ ಅಲ್ಲಿಯೇ ಇದ್ದಾರೆ. ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಕೊಡುವುದಾದರೆ ತೊಳೆದು ಕೊಡಿ ಎಂಬುದೇ ಅದರ ಸಾರ. ನೆರೆಮನೆಗೆ ಪಾತ್ರೆ ಹಿಂದಿರುಗಿಸುವಾಗ ನಾವು ಪಾಲಿಸುವ ಮರ್ಯಾದೆಯಿದು.

ನನ್ನ ಮೊಮ್ಮಗಳಿಗೆ ಈಗ ಪ್ರತಿ ತಿಂಗಳು ಒಂದು ಲೆಕ್ಕ ಕೊಡುತ್ತೇನೆ. ವಿದ್ಯುತ್ತಿನ ಬಿಲ್ಲಿನಲ್ಲಿರುವ ಯೂನಿಟ್ಟುಗಳನ್ನು 230 ರಿಂದ ಗುಣಿಸಬೇಕು. ಬರುವುದು ಗ್ರಾಂ ಲೆಕ್ಕದಲ್ಲಿ ಕಲ್ಲಿದ್ದಲಿನ ಬೂದಿಯ ಗರಿಷ್ಠ ಪಾಲು. ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅದನ್ನು ಬರೆದಿಡುತ್ತಾಳೆ. ಹೋದ ತಿಂಗಳು ಅಂಕಿ ಇಳಿದಿತ್ತು. ಗೀಸರಿನ ಸ್ವಿಚ್ಚಿನ ಮೇಲೆ ಅವಳದೊಂದು ಚೀಟಿ ಅಂಟಿತ್ತು. ನೀವೂ ನಿಮ್ಮ ಮನೆಯ ಬಿಲ್ಲನ್ನು ತೆಗೆದು ಒಮ್ಮೆ ಗುಣಿಸಿ ನೋಡಿ, ಎಷ್ಟು ಬಂದಿತೆಂದು ನನಗೆ ತಿಳಿಸಿ. ಉತ್ತರ ತಪ್ಪಾದರೂ ಅಂಕ ಕಳೆಯುವುದಿಲ್ಲ.